ವಿಚಾರಣಾ ನ್ಯಾಯಾಧೀಶರ ಬದುಕನ್ನು ಎಲ್ಲಿ ಹುಡುಕಬೇಕು? ತೇರದಾಳದ ಕಡೆಯಿಂದ ಒಂದು ಟಿಪ್ಪಣಿ

ಒಬ್ಬ ಜಿಲ್ಲಾ ನ್ಯಾಯಾಧೀಶರು ವರ್ಷಾನುಗಟ್ಟಲೆ ಪೀಠದಲ್ಲಿ ಕುಳಿತು ಸಾಕ್ಷಿ ಕೇಳಿ ತೀರ್ಪು ಬರೆದಿದ್ದರೂ ಕಾನೂನು ವರದಿಗಳ ಸಂಪುಟಗಳಲ್ಲಿ ಅವರ ಹೆಸರು ಸಿಗುವುದು ಅಪರೂಪ. ಆ ಸಂಪುಟಗಳು ಅಚ್ಚು ಹಾಕುವುದು ಹೈಕೋರ್ಟು ಮತ್ತು ಸುಪ್ರೀಂ ಕೋರ್ಟಿನ ತೀರ್ಪುಗಳನ್ನು. ಮೇಲ್ಮನವಿಯ ತೀರ್ಪಿನ ಮೊದಲ ಪುಟದಲ್ಲಿ 'ವಿಚಾರಣಾ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು' ಎಂದೋ 'ಸೆಷನ್ಸ್ ನ್ಯಾಯಾಧೀಶರು ಆರೋಪಿಗೆ ಶಿಕ್ಷೆ ವಿಧಿಸಿದರು' ಎಂದೋ ಒಂದು ಸಾಲು ಬರುತ್ತದೆ, ಅಲ್ಲಿಗೆ ಅವರ ಪಾತ್ರ ಮುಗಿಯುತ್ತದೆ. ಸಾಕ್ಷಿಯ ಮುಖ ನೋಡಿದವರು ಅವರು. ಆತ ಎಲ್ಲಿ ತಡವರಿಸಿದ, ಎಲ್ಲಿ ಕಣ್ಣು ತಪ್ಪಿಸಿದ ಎಂದು ಕಂಡವರು ಅವರು. ಆದರೂ ನ್ಯಾಯಾಂಗದ ಚರಿತ್ರೆ ಬರೆಯುವಾಗ ನಾವು ಮೇಲಿನ ಎರಡು ಮಹಡಿಗಳನ್ನು ನೋಡಿ ಸುಮ್ಮನಾಗುತ್ತೇವೆ.

ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಒಕ್ಕೂಟ ಸರ್ಕಾರದ್ದೇ ಆದ 94 ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟುಗಳಿವೆ. ಅಲ್ಲಿನ ವಿಚಾರಣಾ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪುತ್ತದೆ, ಸನ್ನಡತೆಯಿಂದ ಇರುವಷ್ಟು ಕಾಲವೂ ಹುದ್ದೆ ಅವರದು. ಅವರ ತೀರ್ಪುಗಳಲ್ಲಿ ಮುಖ್ಯವಾದವು 'ಫೆಡರಲ್ ಸಪ್ಲಿಮೆಂಟ್' ಎಂಬ ಪ್ರತ್ಯೇಕ ಸಂಪುಟಮಾಲೆಯಲ್ಲಿ ಬರುತ್ತವೆ. 1789ರಿಂದ ಇಂದಿನವರೆಗಿನ ಫೆಡರಲ್ ನ್ಯಾಯಾಧೀಶರ ಜನ್ಮಸ್ಥಳ, ಓದು, ವಕೀಲಿ, ನೇಮಕ, ನಿವೃತ್ತಿಯ ವಿವರಗಳನ್ನು ಒಂದು ಸರ್ಕಾರಿ ಸಂಸ್ಥೆಯೇ ಕಾಪಿಟ್ಟಿದೆ. ನಮ್ಮಲ್ಲಿ ಒಕ್ಕೂಟಕ್ಕೆ ಬೇರೆ, ರಾಜ್ಯಕ್ಕೆ ಬೇರೆ ಎಂಬ ಎರಡು ಸಾಲಿನ ನ್ಯಾಯಾಲಯಗಳಿಲ್ಲ. ದಂಡಸಂಹಿತೆ ದೆಹಲಿಯ ಕಾನೂನು, ಅಬಕಾರಿ ಬೆಂಗಳೂರಿನ ಕಾನೂನು. ಎರಡರ ಪ್ರಕರಣವೂ ಬರುವುದು ಅದೇ ಕಟ್ಟೆಗೆ. ಹಾಗಾಗಿ ನಮ್ಮ ಜಿಲ್ಲಾ ನ್ಯಾಯಾಧೀಶರ ಹೊಣೆ ಅಮೆರಿಕದ ಆ ನ್ಯಾಯಾಧೀಶರ ಹೊಣೆಗಿಂತ ವಿಸ್ತಾರವಾದದ್ದು, ದಾಖಲೆ ಮಾತ್ರ ತೀರ ಕಿರಿದು.

ಈ ಟಿಪ್ಪಣಿಯ ವಾದ ಇಷ್ಟು: ಕನ್ನಡ ನಾಡಿನ ವಿಚಾರಣಾ ಪೀಠದ ಬದುಕನ್ನು ಕಾನೂನು ವರದಿಗಳಲ್ಲಿ ಹುಡುಕಿ ನಿರಾಶರಾಗುವ ಬದಲು ಎರಡು ಕಡೆ ಹುಡುಕಬೇಕು. ಒಂದು, ನ್ಯಾಯಾಧೀಶರಾಗಿದ್ದವರು ಪೀಠದಾಚೆ ಬರೆದ ಪುಸ್ತಕಗಳು. ಇನ್ನೊಂದು, ಕಕ್ಷಿದಾರರ ಮನೆಗಳಲ್ಲಿ ಉಳಿದಿರುವ ಕೋರ್ಟಿನ ಕಾಗದ. ಮೊದಲನೆಯದಕ್ಕೆ ಕೋ. ಚೆನ್ನಬಸಪ್ಪ ಮತ್ತು ಟಿ. ಕೆ. ತುಕೋಳ ಅವರ ಬರಹಗಳನ್ನೂ ಎರಡನೆಯದಕ್ಕೆ ತೇರದಾಳ ಸೀಮೆಯನ್ನೂ ಇಟ್ಟುಕೊಂಡಿದ್ದೇನೆ.

ತೇರದಾಳವನ್ನೇ ಆರಿಸಲು ಕಾರಣ ಅದರ ನ್ಯಾಯಾಡಳಿತದ ಇತಿಹಾಸ. ಇಂದು ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯ ಮಗ್ಗುಲಲ್ಲಿ, ಕೃಷ್ಣೆಗೆ ದೂರವಿಲ್ಲದೆ ಇರುವ ಈ ಊರು 1948ರವರೆಗೆ ಸಾಂಗಲಿ ಸಂಸ್ಥಾನದ ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿತ್ತು. ಮೀರಜ ಪ್ರಾಂತ, ಮಂಗಳವೇಢೆ, ಬೆಳಗಾವಿಯ ಶಹಾಪುರ, ಶಿರಹಟ್ಟಿ ಹೀಗೆ ಚದುರಿಬಿದ್ದ ತುಣುಕುಗಳ ಸಂಸ್ಥಾನ ಅದು. ತೇರದಾಳವೂ ಅಂಥ ಒಂದು ತುಣುಕು. ಪಕ್ಕದ ರಬಕವಿ ಸಾಂಗಲಿಯದು, ರಬಕವಿಗೆ ಅಂಟಿಕೊಂಡ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ಕೆಲವೇ ಮೈಲಿ ಆಚೆಯ ಮಹಾಲಿಂಗಪುರ ಮುಧೋಳದ ಘೋರ್ಪಡೆಯವರದು. ಗೋಕಾಕ, ಅಥಣಿಗಳು ಬ್ರಿಟಿಷ್ ಬೆಳಗಾವಿ ಜಿಲ್ಲೆಗೆ ಸೇರಿದವು. ಬೆಳಿಗ್ಗೆ ನೂಲು ಮಾರಲು ಹೊರಟ ನೇಕಾರ ಸಂಜೆಯೊಳಗೆ ಮೂರು ಒಡೆತನಗಳ ನ್ಯಾಯವ್ಯವಸ್ಥೆಯನ್ನು ದಾಟಿ ಬರಬಹುದಾಗಿತ್ತು.

ಇದರ ಪರಿಣಾಮ ಕಾಗದದ ಮೇಲಷ್ಟೇ ಉಳಿಯಲಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಲೆಕ್ಕದಲ್ಲಿ ಸಂಸ್ಥಾನದ ಕೋರ್ಟು ಬ್ರಿಟಿಷ್ ಇಂಡಿಯಾದ ಪಾಲಿಗೆ ವಿದೇಶೀ ನ್ಯಾಯಾಲಯ. ಸರ್ಕಾರ ಅಧಿಸೂಚನೆ ಹೊರಡಿಸಿದ್ದರೆ ಮಾತ್ರ ಅಲ್ಲಿನ ಡಿಕ್ರಿಯನ್ನು ಇಲ್ಲಿ ನೇರವಾಗಿ ಅಮಲ್ಜಾರಿ ಮಾಡಿಸಬಹುದು. ಇಲ್ಲವಾದರೆ ಅದೇ ಡಿಕ್ರಿಯ ಆಧಾರದ ಮೇಲೆ ಹೊಸದಾಗಿ ದಾವೆ ಹೂಡಬೇಕು. ಸಾಲಗಾರ ಹಳ್ಳ ದಾಟಿ ಆಚೆ ಮನೆ ಮಾಡಿದರೆ ಸಾಹುಕಾರನ ಕೈಯಲ್ಲಿದ್ದ ತೀರ್ಪಿನ ಬಲ ಎಷ್ಟು ಎಂಬುದು ಆ ಹಳ್ಳ ಯಾರ ಗಡಿಯಲ್ಲಿದೆ ಎಂಬುದರ ಮೇಲೆ ನಿಂತಿತ್ತು. ಆಡಳಿತದ ಬರವಣಿಗೆ ಮರಾಠಿಯಲ್ಲಿ, ಬಹುಪಾಲು ಮೋಡಿ ಲಿಪಿಯಲ್ಲಿ. ಸಾಕ್ಷಿ ಹೇಳುವವನ ಬಾಯಲ್ಲಿ ಕನ್ನಡ. ಈ ಸೀಮೆಯ ಹಳೆಯ ವಾಟಣಿ (ಆಸ್ತಿ ಪಾಲು) ಪತ್ರಗಳನ್ನು ಓದಬೇಕೆನ್ನುವವರಿಗೆ ಇಂದಿಗೂ ಮೋಡಿ ಬಲ್ಲವರ ನೆರವು ಬೇಕು.

ಅಮೆರಿಕಕ್ಕೆ ಹೋಲಿಸಿ ನೋಡಿದರೆ, ಭಾರತದಲ್ಲಿ 'ಫೆಡರಲ್' ಎಂಬ ಹೆಸರು ಹೊತ್ತ ಕೋರ್ಟು ಒಂದೇ ಒಂದು ಇತ್ತು. 1935ರ ಭಾರತ ಸರ್ಕಾರ ಕಾಯ್ದೆಯ ಪ್ರಕಾರ 1937ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆರಂಭವಾದ ಫೆಡರಲ್ ಕೋರ್ಟ್ ಅದು. ಮಾರಿಸ್ ಗ್ವಾಯರ್ ಅದರ ಮೊದಲ ಮುಖ್ಯ ನ್ಯಾಯಮೂರ್ತಿ. ಪ್ರಾಂತಗಳ ನಡುವಿನ ವ್ಯಾಜ್ಯ ಮತ್ತು ಸಂವಿಧಾನಾತ್ಮಕ ಪ್ರಶ್ನೆಗಳನ್ನು ಕೇಳುವುದು ಅದರ ಕೆಲಸ, ಸಾಕ್ಷಿ ವಿಚಾರಣೆ ಅದರ ದಿನಚರಿಯಲ್ಲ. ಸಂಸ್ಥಾನಗಳನ್ನೂ ಒಳಗೊಳ್ಳಬೇಕಿದ್ದ ಒಕ್ಕೂಟ, ಸಾಕಷ್ಟು ಅರಸರು ಸೇರದೆ ಇದ್ದುದರಿಂದ ಆಗಲೇ ಇಲ್ಲ. ತೇರದಾಳದಂಥ ಊರು ಆ ಕೋರ್ಟಿನ ವ್ಯಾಪ್ತಿಯಾಚೆಯೇ ಉಳಿಯಿತು.

1948ರ ಮಾರ್ಚ್ 8ರಂದು ಸಾಂಗಲಿ, ಜಮಖಂಡಿ, ಮುಧೋಳಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ತೇರದಾಳ ಜಮಖಂಡಿ ತಾಲ್ಲೂಕಿಗೆ, ವಿಜಾಪುರ ಜಿಲ್ಲೆಗೆ, ಮುಂಬಯಿ ಹೈಕೋರ್ಟಿನ ವ್ಯಾಪ್ತಿಗೆ ಬಂತು. ಎಂಟು ವರ್ಷಗಳ ಮೇಲೆ, 1956ರ ನವೆಂಬರ್ 1ರಂದು, ಮೇಲ್ಮನವಿಯ ದಾರಿ ಬೆಂಗಳೂರಿಗೆ ತಿರುಗಿತು. 1997ರ ಆಗಸ್ಟಿನಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು; 2008ರ ಜುಲೈಯಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂದು 2013ರಲ್ಲಿ ಕಾಯಂ ಆಯಿತು. 1930ರ ಸುಮಾರಿಗೆ ಇಲ್ಲಿ ಹುಟ್ಟಿ ದೀರ್ಘಾಯುಷ್ಯ ಪಡೆದ ರೈತ, ಹೊಲದ ಬದುವಿನಿಂದ ಒಂದು ಮೊಳವೂ ಸರಿಯದೆ, ಸಾಂಗಲಿ, ಮುಂಬಯಿ, ಬೆಂಗಳೂರು, ಧಾರವಾಡ ಎಂದು ನಾಲ್ಕು ದಿಕ್ಕಿನ ಮೇಲ್ನ್ಯಾಯಾಲಯಗಳನ್ನು ಕಂಡಿರುತ್ತಾನೆ. ಕೆಳಗಿನ ಕೋರ್ಟೊಂದೇ ಅವನಿಗೆ ಹತ್ತಿರ ಉಳಿದದ್ದು. ಬನಹಟ್ಟಿ, ಜಮಖಂಡಿಗಳ ಕಟ್ಟೆ ಹತ್ತಿದವನಿಗೆ ನ್ಯಾಯಾಂಗವೆಂದರೆ ವಿಚಾರಣಾ ನ್ಯಾಯಾಧೀಶರೇ ಹೊರತು ಬೇರೆ ಯಾರೂ ಅಲ್ಲ.

ಹೀಗೆ ಗಡಿ ಬದಲಾಗುವುದನ್ನು ಒಳಗಿನಿಂದ ಕಂಡ ನ್ಯಾಯಾಧೀಶರಲ್ಲಿ ಕೋ. ಚೆನ್ನಬಸಪ್ಪ (ಕೋಚೆ) ಮುಖ್ಯರು. 1922ರ ಫೆಬ್ರುವರಿ 27ರಂದು ಕೂಡ್ಲಿಗಿ ತಾಲ್ಲೂಕಿನ ಆಲೂರಿನಲ್ಲಿ ಹುಟ್ಟಿದರು. ಆಗ ಬಳ್ಳಾರಿ ಮದರಾಸು ಪ್ರಾಂತದ ಜಿಲ್ಲೆ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಧುಮುಕಿದವರು. ಕಾನೂನು ಓದಿ ಬಳ್ಳಾರಿಯಲ್ಲಿ ವಕೀಲಿ ಆರಂಭಿಸಿದರು. ಆಂಧ್ರ ರಾಜ್ಯ ರಚನೆಯ ಹೊತ್ತಿಗೆ ಬಳ್ಳಾರಿ ಯಾರಿಗೆ ಎಂಬ ಪ್ರಶ್ನೆ ಎದ್ದಾಗ ಕರ್ನಾಟಕದ ಪರ ನಿಂತು ಹೋರಾಡಿದರು. ಆ ಪ್ರಶ್ನೆಯನ್ನು ಬಗೆಹರಿಸಲು ನೇಮಕವಾದವರೂ ಒಬ್ಬ ನ್ಯಾಯಾಧೀಶರೇ ಎಂಬುದನ್ನು ನೆನೆಯಬೇಕು: ಹೈದರಾಬಾದ್ ಹೈಕೋರ್ಟಿನ ಎಲ್. ಎಸ್. ಮಿಶ್ರಾ. ಬಳ್ಳಾರಿ ತಾಲ್ಲೂಕಿನ ಜನರ ಹೇಳಿಕೆ ಪಡೆದು ಅವರು ಕೊಟ್ಟ ವರದಿಯ ನಂತರ 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ತಮ್ಮ ಊರಿನ ಭವಿಷ್ಯವೇ ಸಾಕ್ಷ್ಯ, ವಾದ, ವರದಿಗಳ ಮೂಲಕ ತೀರ್ಮಾನವಾದದ್ದನ್ನು ತರುಣ ವಕೀಲರೊಬ್ಬರು ಹತ್ತಿರದಿಂದ ಕಂಡರು. ಅವರ ಮುಂದಿನ ಬದುಕನ್ನು ಓದುವಾಗ ಈ ಹಿನ್ನೆಲೆಯನ್ನು ಬಿಡಲಾಗದು.

1960ರ ದಶಕದಲ್ಲಿ ಅವರು ವಕೀಲರ ಸಾಲಿನಿಂದ ನೇರವಾಗಿ ಜಿಲ್ಲಾ ನ್ಯಾಯಾಧೀಶರಾದರು. ಸಂವಿಧಾನದ 233ನೇ ವಿಧಿ ಇದಕ್ಕೆ ದಾರಿ ಮಾಡಿದೆ: ಕನಿಷ್ಠ ಏಳು ವರ್ಷ ವಕೀಲಿ ಮಾಡಿದವರನ್ನು ಹೈಕೋರ್ಟಿನ ಶಿಫಾರಸಿನ ಮೇರೆಗೆ ರಾಜ್ಯಪಾಲರು ನೇಮಿಸಬಹುದು. ಕಾಲವೂ ಗಮನಾರ್ಹ. 1966ರಲ್ಲಿ ಚಂದ್ರಮೋಹನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ನೇಮಕಾತಿ ನಿಯಮಗಳನ್ನು ಅನೂರ್ಜಿತಗೊಳಿಸಿತು. ಕಾರ್ಯಾಂಗದ ಅಧಿಕಾರಿಗಳು ಜಿಲ್ಲಾ ನ್ಯಾಯಾಧೀಶರ ಕುರ್ಚಿಗೆ ಬರುವ ಬಾಗಿಲನ್ನು ಆ ತೀರ್ಪು ಮುಚ್ಚಿತು. ಅದರಿಂದ ಹಳೆಯ ನೇಮಕಗಳೂ ಹಾಗೆ ನೇಮಕವಾದವರು ಕೊಟ್ಟ ತೀರ್ಪುಗಳೂ ಅಲುಗಾಡಬಾರದೆಂದು ಅದೇ ವರ್ಷದ ಕೊನೆಗೆ 20ನೇ ತಿದ್ದುಪಡಿ ಬಂತು. ಜಿಲ್ಲಾ ನ್ಯಾಯಾಧೀಶರು ಸರ್ಕಾರದ ಅಧಿಕಾರಿಯೋ ಸ್ವತಂತ್ರ ನ್ಯಾಯಾಂಗದ ಅಂಗವೋ ಎಂಬುದು ದೇಶದಲ್ಲಿ ಸ್ಪಷ್ಟವಾದ ಹೊತ್ತಿನಲ್ಲಿ ಕೋಚೆ ಆ ಪೀಠದಲ್ಲಿದ್ದರು. ಅಮೆರಿಕದ ಸಹೋದ್ಯೋಗಿಗೆ ಇರುವ ಆಜೀವ ಭದ್ರತೆ ಅವರಿಗಿರಲಿಲ್ಲ. ವರ್ಗಾವಣೆ ಹೈಕೋರ್ಟಿನ ಕೈಯಲ್ಲಿ, ಬಹುತೇಕ ರಾಜ್ಯಗಳಲ್ಲಿ 58ಕ್ಕೆ ನಿವೃತ್ತಿ. ಅದು 60ಕ್ಕೆ ಏರಿದ್ದು ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ 1991ರ ತೀರ್ಪು ಬಂದ ಮೇಲೆ.

ಕೋಚೆ ಅವರನ್ನು ಕನ್ನಡ ಓದುಗರು ಬಲ್ಲದ್ದು ಕಾದಂಬರಿಕಾರರಾಗಿ. 'ಬೇಡಿ ಕಳಚಿತು ದೇಶ ಒಡೆಯಿತು' ಸ್ವಾತಂತ್ರ್ಯದ ಕಾಲವನ್ನು ಹಿಡಿದ ಬೃಹತ್ ಕೃತಿ. 'ನ್ಯಾಯಾಲಯದ ಸತ್ಯಕಥೆಗಳು' ಹೆಸರೇ ಹೇಳುವಂತೆ ಕೋರ್ಟಿನ ಅನುಭವಕ್ಕೆ ಸೇರಿದ್ದು. ಅರವಿಂದರ ಚಿಂತನೆಯಲ್ಲಿ ಅವರಿಗೆ ಕೊನೆಯವರೆಗೂ ಆಳವಾದ ಒಲವಿತ್ತು. 2013ರ ಫೆಬ್ರುವರಿಯಲ್ಲಿ ವಿಜಾಪುರದಲ್ಲಿ ನಡೆದ 79ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ತೇರದಾಳ ಐವತ್ತು ವರ್ಷಗಳಷ್ಟು ಕಾಲ ತನ್ನ ದೊಡ್ಡ ಪ್ರಕರಣಗಳನ್ನು ಕಳಿಸುತ್ತಿದ್ದ ಜಿಲ್ಲಾ ಕೇಂದ್ರದಲ್ಲಿ ಒಬ್ಬ ನಿವೃತ್ತ ವಿಚಾರಣಾ ನ್ಯಾಯಾಧೀಶರು ಸಾಹಿತ್ಯ ಪೀಠದಲ್ಲಿ ಕುಳಿತರು. 2019ರ ಫೆಬ್ರುವರಿಯಲ್ಲಿ, 97 ತುಂಬುವುದಕ್ಕೆ ಕೆಲವೇ ದಿನ ಮೊದಲು, ತೀರಿಕೊಂಡರು. ಸಾಹಿತ್ಯ ಚರಿತ್ರೆಗಳು ಅವರ ನ್ಯಾಯಾಧೀಶ ಹುದ್ದೆಯನ್ನು ಒಂದು ಉದ್ಯೋಗದ ಮಾಹಿತಿಯಾಗಿ ಹೇಳಿ ಮುಂದೆ ಹೋಗುತ್ತವೆ. ನನ್ನ ಅಭಿಪ್ರಾಯದಲ್ಲಿ ಇದು ದೊಡ್ಡ ಕೊರತೆ. ವಿಚಾರಣಾ ಪೀಠದಲ್ಲಿ ಕುಳಿತವರು ಕಥೆ ಬರೆದರೆ ಆ ಕಥೆಯನ್ನು ಓದುವ ರೀತಿಯೇ ಬೇರೆ ಇರಬೇಕು.

ಏಕೆಂದರೆ ಆ ಪೀಠದ ಕೆಲಸವೇ ಮಾತನ್ನು ಬರಹಕ್ಕೆ ಇಳಿಸುವುದು. ಸಾಕ್ಷಿ ಹೇಳಿಕೆಯ ಒಂದು ಹಾಳೆಯನ್ನು ಹತ್ತಿರದಿಂದ ನೋಡಿ. ಮೇಲೆ ದಾವೆಯ ಸಂಖ್ಯೆ, ಸಾಕ್ಷಿಯ ಕ್ರಮಾಂಕ. ಹೆಸರು, ತಂದೆಯ ಹೆಸರು, ವಯಸ್ಸು, ಉದ್ಯೋಗ, ವಾಸ. ಪ್ರಮಾಣ ಮಾಡಿಸಿದ ಸಾಲು. ಆಮೇಲೆ ಮುಖ್ಯ ವಿಚಾರಣೆ, ಪಾಟೀ ಸವಾಲು. ಪ್ರಶ್ನೆ ಸಾಮಾನ್ಯವಾಗಿ ಅಳಿಸಿಹೋಗಿ ಉತ್ತರವಷ್ಟೇ ನಿರೂಪಣೆಯಾಗಿ ಉಳಿಯುತ್ತದೆ: 'ನಾನು ಸದರಿ ಜಮೀನಿನಲ್ಲಿ ಉಳುಮೆ ಮಾಡುತ್ತಿದ್ದೆ ಎಂಬುದು ನಿಜ. ಬದು ಒಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ ಎಂಬುದು ಸುಳ್ಳು.' ಈ ಎರಡನೆಯ ವಾಕ್ಯದ ಹಿಂದೆ ವಕೀಲರ ಒಂದು ಸೂಚನೆ, ಸಾಕ್ಷಿಯ ಒಂದು ನಿರಾಕರಣೆ, ಅದನ್ನು ಬರೆಸಿದ ನ್ಯಾಯಾಧೀಶರ ಒಂದು ಆಯ್ಕೆ ಇವೆ. ಕೊನೆಯಲ್ಲಿ ಓದಿ ಹೇಳಲಾಯಿತು, ಸರಿಯಿದೆ ಎಂದು ಒಪ್ಪಿದ ಎಂಬ ಸಾಲು. ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 12ನೇ ನಿಯಮ ಸಾಕ್ಷಿಯ ವರ್ತನೆಯ ಬಗ್ಗೆ ಷರಾ ಬರೆಯಲು ಅವಕಾಶ ಕೊಟ್ಟಿದೆ. 18ನೇ ನಿಯಮ ಸ್ಥಳಕ್ಕೇ ಹೋಗಿ ನೋಡಲು ಬಿಟ್ಟಿದೆ. 1872ರ ಸಾಕ್ಷ್ಯ ಕಾಯ್ದೆಯ 165ನೇ ಕಲಂ ಸತ್ಯ ತಿಳಿಯಲು ನ್ಯಾಯಾಧೀಶರೇ ಯಾವ ಪ್ರಶ್ನೆಯನ್ನಾದರೂ ಕೇಳಬಹುದೆಂದು ಅಧಿಕಾರ ಕೊಟ್ಟಿತ್ತು. ಈ ಮೂರನ್ನೂ ಎಷ್ಟು ಸಲ, ಎಂಥ ಕಡೆ ಬಳಸಿದರು ಎಂಬುದರಲ್ಲಿ ಒಬ್ಬ ನ್ಯಾಯಾಧೀಶರ ಸ್ವಭಾವ ಕಾಣುತ್ತದೆ. ಮೇಲ್ಮನವಿಯ ತೀರ್ಪಿನಲ್ಲಿ ಅದು ಕಾಣುವುದಿಲ್ಲ.

ಎರಡನೆಯವರು ಬೇರೆ ಬಗೆಯ ಲೇಖಕರು. ನ್ಯಾಯಮೂರ್ತಿ ಟಿ. ಕೆ. ತುಕೋಳ ಮುಂಬಯಿ ಕರ್ನಾಟಕದ ಜೈನ ಮನೆತನದವರು. 1960ರ ದಶಕದಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿ. ರಾಜ್ಯ ನೌಕರರ ವೇತನ ಆಯೋಗಕ್ಕೆ ಅಧ್ಯಕ್ಷರಾಗಿದ್ದುದರಿಂದ ಹಳೆಯ ತಲೆಮಾರಿನ ಗುಮಾಸ್ತರು, ಶಿಕ್ಷಕರು 'ತುಕೋಳ ಆಯೋಗ'ವನ್ನು ಚೆನ್ನಾಗಿ ಬಲ್ಲರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ನಿವೃತ್ತಿಯ ಮೇಲೆ ಜೈನ ಅಧ್ಯಯನಕ್ಕೆ ತಮ್ಮನ್ನು ಪೂರ್ತಿ ತೊಡಗಿಸಿಕೊಂಡರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1980ರಲ್ಲಿ ಪ್ರಕಟಿಸಿದ 'ಕಂಪೆಂಡಿಯಂ ಆಫ್ ಜೈನಿಸಂ' ಅವರದು. ಆದರೆ ಈ ಟಿಪ್ಪಣಿಗೆ ಬೇಕಾದದ್ದು ಅಹಮದಾಬಾದಿನ ಎಲ್. ಡಿ. ಇನ್‌ಸ್ಟಿಟ್ಯೂಟ್ ಆಫ್ ಇಂಡಾಲಜಿ 1976ರಲ್ಲಿ ಹೊರತಂದ ಚಿಕ್ಕ ಪುಸ್ತಕ: 'ಸಲ್ಲೇಖನಾ ಈಸ್ ನಾಟ್ ಸೂಯಿಸೈಡ್'.

ಹೆಸರೇ ತೀರ್ಪಿನ ಕೊನೆಯ ಸಾಲಿನಂತಿದೆ. ಪುಸ್ತಕವನ್ನು ಧರ್ಮಗ್ರಂಥದ ವ್ಯಾಖ್ಯಾನವೆಂದು ಓದುವ ರೂಢಿಯಿದೆ. ನಾನು ಅದನ್ನು ಕ್ರಿಮಿನಲ್ ವಿಚಾರಣೆಯ ಕ್ರಮದಲ್ಲಿ ಬರೆದ ತೀರ್ಪಾಗಿ ಓದಬೇಕೆನ್ನುತ್ತೇನೆ. ಭಾರತೀಯ ದಂಡಸಂಹಿತೆಯ 309ನೇ ಕಲಂ ಆತ್ಮಹತ್ಯೆಯ ಯತ್ನವನ್ನು ಅಪರಾಧವೆಂದಿತ್ತು, 306ನೇ ಕಲಂ ಪ್ರಚೋದನೆಯನ್ನು. ಜೈನರ ಸಲ್ಲೇಖನ ವ್ರತ ಹಿಡಿದವರು ಸಾಯುವವರೆಗೆ ಆಹಾರ ಬಿಟ್ಟರೆ ಮೊದಲನೆಯದು, ಸುತ್ತ ಕುಳಿತು ಸೇವೆ ಮಾಡುವ ಶ್ರಾವಕರಿಗೆ ಎರಡನೆಯದು ತಗಲುತ್ತದೆಯೇ? ತುಕೋಳರು ಶ್ರದ್ಧೆಯ ಹೆಸರಿನಲ್ಲಿ ವಿನಾಯಿತಿ ಕೇಳಲಿಲ್ಲ. ಉದ್ದೇಶ, ಸಂದರ್ಭ, ಬಳಸಿದ ಸಾಧನ, ಪರಿಣಾಮ ಎಂಬ ನಾಲ್ಕು ಅಂಶಗಳಲ್ಲಿ ಎರಡು ಸಾವುಗಳನ್ನೂ ಎದುರುಬದುರು ಇಟ್ಟು ಪರಿಶೀಲಿಸಿದರು. ಕೊಲೆಯೋ ಅಲ್ಲವೋ ಎಂದು ತೀರ್ಮಾನಿಸುವ ಸೆಷನ್ಸ್ ನ್ಯಾಯಾಧೀಶರು ಕೇಳುವ ಪ್ರಶ್ನೆಗಳೂ ಇವೇ.

ಉದ್ದೇಶದ ಅಂಶವೇ ಇಡೀ ವಾದದ ತಿರುಳು. ತತ್ತ್ವಾರ್ಥಸೂತ್ರ ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಬದುಕಬೇಕೆಂಬ ಆಸೆ ಒಂದು, ಮಿತ್ರರ ಮೋಹ ಒಂದು, ಹಿಂದಿನ ಸುಖದ ನೆನಪು ಒಂದು, ಮುಂದಿನ ಭೋಗದ ಬಯಕೆ ಒಂದು. ಇನ್ನೊಂದು 'ಮರಣಾಶಂಸೆ', ಬೇಗ ಸಾವು ಬರಲಿ ಎಂಬ ಹಂಬಲ. ಸಾಯುವ ಇಚ್ಛೆಯೇ ವ್ರತದ ದೋಷವೆಂದು ಶಾಸ್ತ್ರವೇ ಹೇಳಿದ ಮೇಲೆ, ಸಾಯುವ ಇಚ್ಛೆಯನ್ನೇ ತಳಹದಿಯಾಗಿ ಉಳ್ಳ ಅಪರಾಧದಲ್ಲಿ ಅದನ್ನು ಸೇರಿಸುವುದು ಹೇಗೆ? ಸಂದರ್ಭಕ್ಕೆ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಸಾಕ್ಷಿ: ಪರಿಹಾರವಿಲ್ಲದ ಉಪಸರ್ಗ, ಬರಗಾಲ, ಮುಪ್ಪು, ಗುಣವಾಗದ ರೋಗ ಇವು ಎದುರಾದಾಗ ಧರ್ಮಕ್ಕಾಗಿ ದೇಹ ಬಿಡಬಹುದೆಂದು ಅದು ಮಿತಿ ಹಾಕಿದೆ. ಸಾಧನದಲ್ಲಿ ಆಯುಧ, ವಿಷ, ನೇಣುಗಳಿಲ್ಲ. ಗುರುವಿನ ಅನುಮತಿ ಪಡೆದು, ಎಲ್ಲರ ಕ್ಷಮೆ ಕೇಳಿ, ಅನ್ನದಿಂದ ದ್ರವಕ್ಕೆ, ದ್ರವದಿಂದ ನೀರಿಗೆ, ನೀರಿನಿಂದ ಉಪವಾಸಕ್ಕೆ ಹಂತಹಂತವಾಗಿ ಇಳಿಯುವುದಿದೆ. ಗುಟ್ಟಿಲ್ಲ, ಆವೇಶವಿಲ್ಲ.

ವಾದವನ್ನು ಒಪ್ಪುವುದು ಬಿಡುವುದು ಬೇರೆ. ಗಮನಿಸಬೇಕಾದದ್ದು ಅದರ ರೀತಿ. ಇಲ್ಲಿ ಆಚಾರ್ಯರ ಗ್ರಂಥ ಪ್ರಮಾಣವಾಗಿ ಬರುವುದಕ್ಕಿಂತ ಹೆಚ್ಚಾಗಿ ವ್ರತಿಯ ಮನಸ್ಥಿತಿಗೆ ಸಾಕ್ಷ್ಯವಾಗಿ ಬರುತ್ತದೆ. ಮೇಲ್ನೋಟಕ್ಕೆ ಒಂದೇ ಥರ ಕಾಣುವ ಎರಡು ಘಟನೆಗಳ ನಡುವೆ ಗೆರೆ ಎಳೆಯುವುದು ವಿಚಾರಣಾ ಪೀಠದ ದಿನನಿತ್ಯದ ಕಸಬು. ವಾದದಲ್ಲಿ ಒಂದು ದುರ್ಬಲ ಜಾಗವೂ ಇದೆ ಎಂದು ನನಗನಿಸುತ್ತದೆ: ಶಾಸ್ತ್ರ ಹೇಳಿದ ಉದ್ದೇಶವೇ ಪ್ರತಿಯೊಬ್ಬ ವ್ರತಿಯ ಉದ್ದೇಶವೂ ಆಗಿತ್ತು ಎನ್ನಲು ಆಯಾ ಪ್ರಕರಣದ ಪುರಾವೆ ಬೇಕಾಗುತ್ತದೆ. ಮುಪ್ಪಿನವರ ಮೇಲೆ ಮನೆಯವರ ಒತ್ತಡವಿತ್ತೇ ಎಂಬ ಪ್ರಶ್ನೆಯನ್ನು ಸೂತ್ರಗಳಿಂದ ಬಿಡಿಸಲಾಗದು, ಸಾಕ್ಷಿಗಳಿಂದಲೇ ಬಿಡಿಸಬೇಕು. ಆ ಪ್ರಶ್ನೆ ಮತ್ತೆ ವಿಚಾರಣಾ ನ್ಯಾಯಾಧೀಶರ ಮುಂದೆಯೇ ಬಂದು ನಿಲ್ಲುತ್ತದೆ.

ತುಕೋಳರ ಪುಸ್ತಕ ಬಂದು ಸುಮಾರು ನಾಲ್ಕು ದಶಕಗಳ ಮೇಲೆ, 2015ರ ಆಗಸ್ಟ್ 10ರಂದು, ನಿಖಿಲ್ ಸೋನಿ ಪ್ರಕರಣದಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನ, ಸಂಥಾರಗಳನ್ನು ಶಿಕ್ಷಾರ್ಹವೆಂದಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆ ಮೂರು ವಾರ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಜೈನ ಊರುಗಳೂ ತಳಮಳಿಸಿದವು. ನಡುವೆ ಸುಪ್ರೀಂ ಕೋರ್ಟ್ 1994ರಲ್ಲಿ 309ನೇ ಕಲಮನ್ನು ಅಸಾಂವಿಧಾನಿಕವೆಂದು, 1996ರ ಗ್ಯಾನ್ ಕೌರ್ ತೀರ್ಪಿನಲ್ಲಿ ಸಾಂವಿಧಾನಿಕವೆಂದು ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನ ಹಿಂದಿನ ಸಾಮಾನ್ಯ ರೂಪದಲ್ಲಿ ಅಪರಾಧವಾಗಿ ಉಳಿದಿಲ್ಲ. ಸರ್ಕಾರಿ ನೌಕರನ ಕರ್ತವ್ಯಕ್ಕೆ ತಡೆಯೊಡ್ಡಲು ಮಾಡಿದ ಯತ್ನ ಮಾತ್ರ ಉಳಿದಿದೆ. ಪ್ರಚೋದನೆಯ ಕಲಂ ಮುಂದುವರಿದಿದೆ, ಹಾಗಾಗಿ ತುಕೋಳರ ಪ್ರಶ್ನೆಯ ಅರ್ಧ ಭಾಗ ಇನ್ನೂ ಜೀವಂತ.

ಈ ಪುಸ್ತಕವನ್ನು ತೇರದಾಳದಲ್ಲಿ ಕುಳಿತು ಓದುವುದಕ್ಕೆ ಕಾರಣವಿದೆ. ಇದು ಹಳೆಯ ಜೈನ ಕೇಂದ್ರ. ಕುಂಡಿ ಮೂರು ಸಾವಿರ ನಾಡನ್ನು ಆಳಿದ ರಟ್ಟರ ಕಾಲದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ತೇರಿದಾಳದ ಮಾಂಡಲಿಕ ಗೊಂಕ ನೇಮಿನಾಥನಿಗೆ ಜಿನಾಲಯ ಕಟ್ಟಿಸಿದ. ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರಿಗೆ ಸಂಬಂಧಿಸಿದ ದಾನದ ಶಾಸನ ಕ್ರಿ.ಶ. 1123ರ ಸುಮಾರಿನದು, ಅದೇ ಕಲ್ಲಿನಲ್ಲಿ ಆ ಶತಮಾನದ ಕೊನೆಯ ಭಾಗದ ಬರಹಗಳೂ ಸೇರಿವೆ. ಕೆ. ಬಿ. ಪಾಠಕರು 1885ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಇದನ್ನು ಪ್ರಕಟಿಸಿದರು. ಹಾವು ಕಚ್ಚಿದಾಗ ಗೊಂಕ ಪಂಚಪರಮೇಷ್ಠಿಗಳ ಸ್ಮರಣೆಯನ್ನೇ ನಂಬಿ ಬದುಕಿದನೆಂಬ ಪ್ರಸಂಗ ಅದರಲ್ಲಿದೆ. ಇದೇ ಸೀಮೆಯ ಪಡುವಣಕ್ಕೆ, ಚಿಕ್ಕೋಡಿಯ ಭೋಜದ ಮನೆತನದಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರು 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು.  ಶ್ರವಣಬೆಳಗೊಳದ ನಿಷಿಧಿ ಶಾಸನಗಳನ್ನು ಷ. ಶೆಟ್ಟರ್ ಅವರು 'ಇನ್ವೈಟಿಂಗ್ ಡೆತ್' ಗ್ರಂಥದಲ್ಲಿ ಇತಿಹಾಸಕಾರರಾಗಿ ಓದಿದರು. ತುಕೋಳರು ಅದೇ ಪರಂಪರೆಯನ್ನು ಕಟಕಟೆಯ ಎದುರು ಕುಳಿತವರಾಗಿ ಓದಿದ್ದರು. ಎರಡೂ ಓದುಗಳನ್ನು ಜೊತೆಗಿಟ್ಟು ಯಾರಾದರೂ ಅಧ್ಯಯನ ಮಾಡಬೇಕು.

ಇನ್ನು ಊರಿನ ಕಾಗದ. ಈ ಸೀಮೆಯ ವಿಚಾರಣಾ ನ್ಯಾಯಾಧೀಶರ ದುಡಿಮೆಯ ದೊಡ್ಡ ಪಾಲು ಸುದ್ದಿಯಾಗುವ ಖಟ್ಲೆಗಳಲ್ಲಿ ಇಲ್ಲ. ಅದು ಇರುವುದು ವಾಟಣಿ, ಬದು, ಉತಾರದ ತಕರಾರುಗಳಲ್ಲಿ; ಕೃಷ್ಣಾ ಮೇಲ್ದಂಡೆ ಯೋಜನೆ ಬಂದ ಮೇಲೆ ಭೂಸ್ವಾಧೀನದ ಪರಿಹಾರದಲ್ಲಿ. ಆಲಮಟ್ಟಿಯ ಹಿನ್ನೀರು ಬಾಗಲಕೋಟೆಯನ್ನೇ ಎಬ್ಬಿಸಿತು. ಹಿಪ್ಪರಗಿ ಬ್ಯಾರೇಜು ಈ ಭಾಗದ ನದಿದಂಡೆಯ ಲೆಕ್ಕವನ್ನೇ ಬದಲಿಸಿತು. 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನ ಪ್ರಕಾರ, ಅಧಿಕಾರಿ ಕೊಟ್ಟ ಪರಿಹಾರ ಸಾಲದೆನ್ನುವ ರೈತ ಅರ್ಜಿ ಹಾಕಿದರೆ ಪ್ರಕರಣ ಸಿವಿಲ್ ನ್ಯಾಯಾಧೀಶರಿಗೆ ಬರುತ್ತಿತ್ತು.

ಅಲ್ಲಿ ನ್ಯಾಯಾಧೀಶರು ಒಂದು ಎಕರೆಯ ಬದುಕನ್ನೇ ಅಳೆಯಬೇಕಿತ್ತು. ಕಬ್ಬು ಎಕರೆಗೆ ಎಷ್ಟು ಟನ್ ಬಂತು? ಸಕ್ಕರೆ ಕಾರ್ಖಾನೆಯ ರಸೀದಿ ಇದೆಯೇ? ನೀರು ಬಾವಿಯದೋ ಹೊಳೆಯದೋ? 4ನೇ ಕಲಮಿನ ಪ್ರಕಟಣೆ ಹೊರಟ ದಿನ ಬೆಲೆ ಎಷ್ಟಿತ್ತು? ರೂಢಿಯಲ್ಲಿದ್ದ ಲೆಕ್ಕದಂತೆ ಬೆಳೆಯ ಹುಟ್ಟುವಳಿಯಲ್ಲಿ ಅರ್ಧದಷ್ಟು ಸಾಗುವಳಿಯ ಖರ್ಚಿಗೆ ಕಳೆದು, ಉಳಿದ ನಿವ್ವಳ ಆದಾಯವನ್ನು ಹತ್ತರಿಂದ ಗುಣಿಸುತ್ತಿದ್ದರು. ಅದರ ಮೇಲೆ 1984ರ ತಿದ್ದುಪಡಿ ಕೊಟ್ಟ ಶೇ. 30ರ ಸೊಲೇಷಿಯಂ, ವರ್ಷಕ್ಕೆ ಶೇ. 12ರ ಹೆಚ್ಚುವರಿ ಮೊತ್ತ, ಮೊದಲ ವರ್ಷ ಶೇ. 9, ಆಮೇಲೆ ಶೇ. 15ರ ಬಡ್ಡಿ. ರೈತ ಹೇಳಿದ ಟನ್ನಿಗೂ ನ್ಯಾಯಾಧೀಶರು ಒಪ್ಪಿದ ಟನ್ನಿಗೂ ನಡುವಿನ ಅಂತರ ಹತ್ತು ಪಟ್ಟು ಬೆಳೆದು ಒಂದು ಸಂಸಾರ ಹೊಸ ಊರಿನಲ್ಲಿ ಮನೆ ಕಟ್ಟಬಲ್ಲದೇ ಎಂಬುದನ್ನು ತೀರ್ಮಾನಿಸುತ್ತಿತ್ತು. ಈ ತೀರ್ಪುಗಳಲ್ಲಿ ಬಹಳಷ್ಟು ಧಾರವಾಡ, ದೆಹಲಿಗಳವರೆಗೂ ಹೋದವು. ಕಬ್ಬಿನ ಗದ್ದೆಯ ಮಣ್ಣು, ಬಾವಿ, ಪೈಪಿನ ವಿವರ ಮಾತ್ರ ಮೊದಲ ಕೋರ್ಟಿನ ಹಾಳೆಗಳಲ್ಲೇ ಉಳಿಯಿತು. ಒಂದು ತಾಲ್ಲೂಕಿನ ಒಕ್ಕಲುತನದ ಇತಿಹಾಸಕ್ಕೆ ಇದಕ್ಕಿಂತ ಹೆಚ್ಚು ವಿವರವುಳ್ಳ ಆಕರವನ್ನು ನಾನು ಕಾಣೆ.

ಕೋರ್ಟಿನ ದಾಖಲೆಗಳು ಎಲ್ಲವೂ ಚಿರಕಾಲ ಉಳಿಯುವುದಿಲ್ಲ. ನಿಯಮದಂತೆ ವರ್ಗೀಕರಿಸಿ ಕೆಲವನ್ನು ಶಾಶ್ವತವಾಗಿ ಇಟ್ಟು, ಮಿಕ್ಕವನ್ನು ಅವಧಿ ಮುಗಿದ ಮೇಲೆ ನಾಶ ಮಾಡುತ್ತಾರೆ. ಸಾಮಾನ್ಯವಾಗಿ ಉಳಿಯುವುದು ತೀರ್ಪು ಮತ್ತು ಡಿಕ್ರಿ, ಹೋಗುವುದು ರೋಜನಾಮೆ, ಅರ್ಜಿ, ಸಮನ್ಸುಗಳಂಥವು. 2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆಯಿಂದ ಈಚಿನ ತೀರ್ಪುಗಳು ನ್ಯಾಯಾಧೀಶರ ಹೆಸರಿನೊಂದಿಗೆ ಸಿಗುತ್ತಿವೆ. ಅದಕ್ಕೆ ಹಿಂದಿನ ಕಾಲಕ್ಕೆ, ಅಂದರೆ ಕೋಚೆ ಪೀಠದಲ್ಲಿದ್ದ ಕಾಲಕ್ಕೂ ಸಾಂಗಲಿಯಿಂದ ಮುಂಬಯಿಗೆ, ಮುಂಬಯಿಯಿಂದ ಮೈಸೂರಿಗೆ ಬಂದ ಕಾಲಕ್ಕೂ, ದೃಢೀಕೃತ ನಕಲುಗಳೇ ಗತಿ. ತೇರದಾಳ, ರಬಕವಿ, ಜಮಖಂಡಿಗಳ ಹಳೆಯ ಮನೆಗಳಲ್ಲಿ, ಹಿರಿಯ ವಕೀಲರ ಕಪಾಟುಗಳಲ್ಲಿ ಅವು ಇವೆ. ಸಂಶೋಧಕರು ಮೊದಲು ಕೈಹಾಕಬೇಕಾದದ್ದು 18ನೇ ಕಲಮಿನ ಪ್ರಕರಣಗಳಿಗೆ: ಪ್ರತಿಯೊಂದರಲ್ಲೂ ತೀರ್ಪು ಬರೆದವರ ಹೆಸರು, ತಾರೀಖು, ಸಾಕ್ಷಿಗಳ ಪಟ್ಟಿ, ನಿಶಾನೆ ಹಾಕಿದ ದಾಖಲೆಗಳ ಪಟ್ಟಿ ಕೊನೆಯ ಪುಟದಲ್ಲಿ ಇರುತ್ತವೆ. ಅವನ್ನು ಹೆಸರುವಾರು ಜೋಡಿಸಿದರೆ ಬಾಗಲಕೋಟೆ, ವಿಜಯಪುರ (ಹಿಂದಿನ ವಿಜಾಪುರ) ಜಿಲ್ಲೆಗಳ ವಿಚಾರಣಾ ನ್ಯಾಯಾಧೀಶರ ಮೊದಲ ಕೋಷ್ಟಕವನ್ನು ಸಿದ್ಧಪಡಿಸಬಹುದು.